ಜಗಳವಾಡಿ ರಜೆ ಕೊಡಿಸಿದವರು

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ, "ನನ್ನ ಹೆಸ್ರು ಹಾಕಾಕೆ ಯಾರನ್ನ ಕೇಳಿದ್ದೆ?" ಎಂದು ಹುಬ್ಬಳ್ಳಿಯಿಂದ ಹೊರಟು ಬಂದು ಜಗಳ ತೆಗೆದಾರು ಎಂಬ ಹೆದರಿಕೆ, ಅವರು ತೀರಿಹೋದ ಸುದ್ದಿ ಬಂದ ಮೇಲೂ ನನಗೆ ಹೋಗಿಲ್ಲ. ಅರಸೀಕೆರೆಯಲ್ಲಿ ಅವರು ಕಾಲಿಟ್ಟ ಮನೆಗಳಲ್ಲಿ ಜಗಳವಾಗದ ಮನೆ ಅಪರೂಪ. ಅವರನ್ನು ಮತ್ತೆ ಕರೆಸಿಕೊಳ್ಳದ ಮನೆಯೂ ಅಪರೂಪ. ಈ ಎರಡು ಮಾತು ಒಬ್ಬರ ಬಗ್ಗೆಯೇ ಹೇಗೆ ನಿಜವಾಗುತ್ತವೆ ಎಂದು ಹೇಳಬೇಕಾದರೆ ನಮ್ಮಣ್ಣನ ಚಪ್ಪಲಿ ವ್ಯವಹಾರದಿಂದ ಶುರು ಮಾಡಬೇಕು.

ನಮ್ಮಣ್ಣ ಚಂದ್ರು. ಬುದ್ಧಿಯ ಬೆಳವಣಿಗೆ ಹುಟ್ಟಿನಿಂದಲೇ ನಿಧಾನ ಎಂದು ಡಾಕ್ಟರು ಹೇಳಿದ್ದರು. ನಾನು ಹೇಳುತ್ತಿರುವ ಕಾಲಕ್ಕೆ ಅವನು ಮೂವತ್ತು ದಾಟಿದ ಗಂಡಸು. ಸ್ನಾನಕ್ಕೆ ನೀರು ಹದ ಮಾಡುವುದು, ಅಂಗಿಯ ಗುಂಡಿ ಹಾಕುವುದು, ಅನ್ನ ಕಲಸಿಕೊಡುವುದು ಎಲ್ಲ ಅಮ್ಮನೇ. ಮಾತು ಕಡಿಮೆ. ಆದರೆ ಮನೆಗೆ ಬಂದವರ ಬಗ್ಗೆ ತನ್ನ ಅಭಿಪ್ರಾಯವನ್ನು ಅವನು ಚಪ್ಪಲಿಯ ಮೂಲಕ ಸ್ಪಷ್ಟವಾಗಿ ತಿಳಿಸುತ್ತಿದ್ದ. ಇಷ್ಟವಾದವರ ಒಂದು ಚಪ್ಪಲಿ ಮಾಯವಾಗುತ್ತಿತ್ತು. ಒಂಟಿ ಚಪ್ಪಲಿಯಲ್ಲಿ ಯಾರು ಎಲ್ಲಿಗೆ ಹೋದಾರು? ಇಷ್ಟವಾಗದವರು ಕಾಫಿ ಕುಡಿದು ಲೋಟ ಕೆಳಗಿಡುವ ಮೊದಲೇ ಅವರ ಎರಡೂ ಚಪ್ಪಲಿ ಬೀದಿಗೆ ಮುಖ ಮಾಡಿ ಜೋಡಿಯಾಗಿ ಕಾದಿರುತ್ತಿದ್ದವು. ನಮ್ಮ ಸೋದರತ್ತೆಯ ಚಪ್ಪಲಿಯಂತೂ ಅವರು ಕೂರುವ ಮೊದಲೇ ತಿರುಗಿರುತ್ತಿತ್ತು. ಇಡೀ ಮನೆಯ ಅಭಿಪ್ರಾಯವನ್ನು ಅವನೊಬ್ಬನೇ ಧೈರ್ಯವಾಗಿ ಹೇಳುತ್ತಿದ್ದ.

ಬಚ್ಚಿಟ್ಟ ಚಪ್ಪಲಿ ಅಕ್ಕಿ ಡಬ್ಬದಲ್ಲಿ, ಸೌದೆಯ ಸಂದಿಯಲ್ಲಿ, ಕೆಲವೊಮ್ಮೆ ಹಾಸಿಗೆಯ ಸುರುಳಿಯಲ್ಲಿ ಸಿಗುತ್ತಿತ್ತು. ಅಪ್ಪನದು ಕೊಬ್ಬರಿ ವ್ಯಾಪಾರ. ಒಮ್ಮೆ ಒಬ್ಬ ಒಳ್ಳೆಯ ಗಿರಾಕಿಯ ಎಡಗಾಲಿನ ಚಪ್ಪಲಿ ಕೊಬ್ಬರಿ ಚೀಲ ಸೇರಿ, ಲಾರಿ ಹತ್ತಿ, ದಿಲ್ಲಿಯ ಕಡೆಗೆ ಹೊರಟುಹೋಯಿತು. ಅಪ್ಪ ಹೊಸ ಜೋಡಿ ಕೊಡಿಸಿ ಕೈಮುಗಿದರು.

ಇಷ್ಟು ನಗುವ ಮಾತು. ನಗಲಾಗದ್ದೂ ಒಂದಿತ್ತು. ಚಿಕ್ಕಪ್ಪನ ಮಗಳ ಮದುವೆಯಲ್ಲಿ ಚಂದ್ರುವಿಗೆ ಗಂಡಿನ ಕಡೆಯವರೆಲ್ಲ ಬಹಳ ಇಷ್ಟವಾಗಿಬಿಟ್ಟರು. ಛತ್ರದ ಬಾಗಿಲಲ್ಲಿದ್ದ ಬೀಗರ ಜೋಡಿಗಳಿಂದ ಒಂದೊಂದನ್ನೇ ಎತ್ತಿ ಹಿತ್ತಲ ನೀರಿನ ತೊಟ್ಟಿಗೆ ಹಾಕಿದ. ಕೆಲವರು ನಕ್ಕರು, ಕೆಲವರು ರೇಗಿದರು. ಒಬ್ಬರು ಮಾತ್ರ ಅಮ್ಮನಿಗೆ ಕೇಳುವ ಹಾಗೆ, "ಇಂಥವ್ರನ್ನೆಲ್ಲ ಮದ್ವೆಗೆ ಯಾಕ್ರೀ ಕರ್ಕಂಡ್ ಬತ್ತೀರಾ?" ಎಂದರು. ಅಮ್ಮ ಊಟಕ್ಕೂ ಕೂರದೆ ಅವನ ಕೈಹಿಡಿದು ಮನೆಗೆ ಬಂದಳು. ಆಮೇಲೆ ಅವನನ್ನು ಎಲ್ಲಿಗೂ ಕರೆದೊಯ್ಯಲಿಲ್ಲ. ಅವನನ್ನು ಬಿಟ್ಟು ತಾನೂ ಎಲ್ಲಿಗೂ ಹೋಗಲಿಲ್ಲ. ಅವಳ ತವರು ಹಳೇಬೀಡು. ಬೆಳಗ್ಗೆ ಬಸ್ಸು ಹತ್ತಿದರೆ ತಿಂಡಿಯ ಹೊತ್ತಿಗೆ ಅಲ್ಲಿರಬಹುದು. ಅಷ್ಟು ಹತ್ತಿರದ ತವರು ಅವಳಿಗೆ ಕಾಶಿಗಿಂತ ದೂರವಾಯಿತು. ಯಾರಾದರೂ ಕರೆದರೆ, "ಚಂದ್ರೂನ ಬಿಟ್ಟು ಹೆಂಗ್ ಬರ್ಲಿ?" ಎನ್ನುವುದು ಅವಳ ಖಾಯಂ ಉತ್ತರವಾಗಿತ್ತು.

ಹೀಗಿರುವಾಗ ನಮ್ಮೂರಿನಲ್ಲಿ ಒಂದು ಸಂಸ್ಥೆಯವರು ಹೊಸ ತರಬೇತಿ ಶುರು ಮಾಡಿದರು. ಚಂದ್ರುವಿನಂಥವರು ಇರುವ ಮನೆಗೆ ಒಬ್ಬರು ಹೋಗಿ ಒಂದು ದಿನವೋ ಎರಡು ದಿನವೋ ಅವರನ್ನು ನೋಡಿಕೊಳ್ಳಬೇಕು, ಆ ಹೊತ್ತಿನಲ್ಲಿ ಮನೆಯವರು ಬಿಡುವು ಪಡೆಯಬೇಕು. ಅದಕ್ಕೆ 'ವಿರಾಮ ಆರೈಕೆ' ಎಂದು ಹೆಸರು. ಪಾಠ ಮುಗಿಸಿ, ಮನೆಗಳಲ್ಲಿ ಪ್ರಾಕ್ಟಿಕಲ್ ಮಾಡಿ, ಆ ಮನೆಯವರು ಒಪ್ಪಿದರೆ ಸರ್ಟಿಫಿಕೇಟ್. ಬಿ.ಎ. ಮುಗಿಸಿ ಗಂಡಿನ ಕಡೆಯವರಿಗಾಗಿ ಉಪ್ಪಿಟ್ಟು ಮಾಡುತ್ತ ಕೂತಿದ್ದ ನನ್ನನ್ನು ಅಪ್ಪ ಅಲ್ಲಿಗೆ ಸೇರಿಸಿದರು.

ಮೊದಲ ದಿನ ಪಾಠ ಹೇಳುವ ಮೇಡಂ, ಯಾಕೆ ಬಂದಿರಿ ಎಂದು ಎಲ್ಲರನ್ನೂ ಕೇಳಿದರು. ಸೇವೆ ಮಾಡಬೇಕು, ಪುಣ್ಯದ ಕೆಲಸ ಎಂದೆಲ್ಲ ನಾವು ಹೇಳಿದೆವು. ಕೊನೆಯ ಬೆಂಚಿನಲ್ಲಿ ನರೆತ ತಲೆಯ, ಬಾಯಲ್ಲಿ ಎಲೆಅಡಿಕೆ ತುಂಬಿಕೊಂಡ ಒಬ್ಬರು ಎದ್ದು ನಿಂತರು. ರೈಲ್ವೆ ಸ್ಟೇಷನ್ನಿನಲ್ಲಿ ಹೆಂಗಸರ ವೇಟಿಂಗ್ ರೂಮಿನ ಆಯಾ ಆಗಿ ರಿಟೈರಾದವರು.

"ಮನೇಲಿ ಕುಂತಿದೀನಿ ಮೇಡಂ. ದಿನಾ ಸೊಸೆ ಜೊತೆ ಜಗಳ. ಒಳ್ಳೇ ಹುಡ್ಗಿ, ಎಷ್ಟೂಂತ ತಡ್ಕತಾಳೆ? ಅದ್ಕೆ ಬೇರೆಯವ್ರ ಮನೇಲಿ ಆಡಾಣ ಅಂತ ಬಂದೆ."

ನನಗೆ ಅವರು ಅಲ್ಲಿಯೇ ಹಿಡಿಸಿಬಿಟ್ಟರು. ನಾನೇನಾದರೂ ಚಂದ್ರು ಆಗಿದ್ದರೆ ಅವರ ಚಪ್ಪಲಿ ಅವತ್ತೇ ಮಾಯವಾಗುತ್ತಿತ್ತು.

ಪಾಠದಲ್ಲಿ ಅವರು ಮೇಡಂಗೆ ನೆಮ್ಮದಿ ಕೊಡಲಿಲ್ಲ. ಫಿಟ್ಸ್ ಬಂದವರನ್ನು ಮಗ್ಗುಲಾಗಿ ಮಲಗಿಸಬೇಕು, ಬಾಯಿಗೆ ಚಮಚ ತುರುಕಬಾರದು, ಕೈಗೆ ಕಬ್ಬಿಣ ಕೊಡುವುದರಿಂದ ಏನೂ ಉಪಯೋಗವಿಲ್ಲ ಎಂದು ಮೇಡಂ ಹೇಳಿದಾಗ ನಾವೆಲ್ಲ ಅನುಮಾನದಿಂದ ಮುಖ ಮುಖ ನೋಡಿಕೊಂಡೆವು. ಇವರು ಮಾತ್ರ ಜೋರಾಗಿ ತಲೆ ಆಡಿಸಿದರು. "ನಿಜ ಮೇಡಂ. ನಮ್ಮ ವೇಟಿಂಗ್ ರೂಮಲ್ಲಿ ಒಬ್ಬಮ್ಮಂಗೆ ಫಿಟ್ಸ್ ಬಂತು. ನಾನು ರೂಮಿನ ಬೀಗದ ಕೈ ಹಿಡ್ಸಿದೆ. ಎದ್ದೋಳು ಬೀಗದ ಕೈ ಸಮೇತ ರೈಲು ಹತ್ತುಬಿಟ್ಲು. ಅವತ್ತಿಂದ ನಂಗೂ ನಂಬ್ಕೆ ಇಲ್ಲ."

ಊಟ ಬೇಡವೆಂದು ಹಟ ಹಿಡಿದರೆ ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ ನಾವು ಕತೆ ಹೇಳುತ್ತೇವೆ, ಹಾಡು ಹೇಳುತ್ತೇವೆ ಎಂದೆವು. "ನಾನೇ ತಿಂತೀನಿ" ಎಂದರು ಅವರು. "ತಟ್ಟೆ ಖಾಲಿ ಆಗ್ತಿರೋದು ಕಂಡ್ರೆ ಎಂಥವ್ರಿಗೂ ಹಸಿವಾಯ್ತದೆ." ಮೇಡಂ ನಗು ತಡೆಯಲು ಕಪ್ಪುಹಲಗೆಯ ಕಡೆ ತಿರುಗಿದರು.

ನಿಜವಾದ ತೊಂದರೆ ಶುರುವಾದದ್ದು ಪ್ರಾಕ್ಟಿಕಲ್‌ನಲ್ಲಿ. ನನ್ನನ್ನು ಬೇಲೂರಿನ ಒಂದು ಮನೆಗೆ ಕಳಿಸಿದರು. ಆ ತಾಯಿಗೆ ಬಿಡುವು ಕೊಡುವುದು ನನ್ನ ಕೆಲಸ. ಆದರೆ ಮನೆಗೆ ಹೊರಗಿನವರು ಬರುತ್ತಾರೆಂದು ಆಕೆ ಕೋಳಿ ಕೂಗುವ ಮೊದಲೇ ಎದ್ದು, ಮನೆ ಸಾರಿಸಿ, ಒಬ್ಬಟ್ಟು ಬೇಯಿಸಿ, ಬಾಗಿಲಲ್ಲಿ ಕಾಯುತ್ತ ನಿಂತಿದ್ದರು. "ಕೂತ್ಕಳಿ, ಏಳ್ಬೇಡಿ, ನೀವು ನೆಂಟ್ರು" ಎಂದು ನನ್ನನ್ನು ಮಣೆಯ ಮೇಲೆ ಕೂರಿಸಿ ತಾವು ನಿಂತು ಬಡಿಸಿದರು. ಸಂಜೆ ಕುಂಕುಮ ಕೊಟ್ಟು, ಮಡಿಲಿಗೆ ತೆಂಗಿನಕಾಯಿ ಹಾಕಿ ಕಳಿಸಿದರು. ಜಾವಗಲ್ಲಿಗೆ ಹೋದವಳಿಗೆ ಕಡುಬು, ಅರೇಹಳ್ಳಿಗೆ ಹೋದವಳಿಗೆ ಅಕ್ಕಿರೊಟ್ಟಿ. ನಾವೆಲ್ಲ ದುಂಡಗಾದೆವು, ತಾಯಂದಿರು ಇನ್ನಷ್ಟು ಬಡವಾದರು. ಎಲ್ಲ ಮನೆಗಳಿಂದಲೂ 'ಹುಡುಗಿ ಬಹಳ ಒಳ್ಳೆಯವಳು' ಎಂಬ ಮಾತೇ ಬಂತು. ಮೇಡಂ ತಲೆಯ ಮೇಲೆ ಕೈಹೊತ್ತು ಕೂತರು.

ಈ ಕಗ್ಗಂಟನ್ನು ಬಿಡಿಸಿದವರು ಕೊನೆಯ ಬೆಂಚಿನ ಅವರೊಬ್ಬರೇ. ನೆಂಟಸ್ತನ ಕೆಡದೆ ಈ ಕೆಲಸ ಆಗುವುದಿಲ್ಲ ಎಂದು ಅವರಿಗೆ ಹೊಳೆದಿತ್ತು. ಕಣಕಟ್ಟೆಯ ಮನೆಯಲ್ಲಿ ಎಲೆಯ ಮುಂದೆ ಕೂತು, "ಇದೇನ್ ಸಾರೋ, ಕೈ ತೊಳ್ದ ನೀರೋ?" ಎಂದರಂತೆ. ಆ ತಾಯಿ ಸೌಟು ಎಸೆದು, ಮಗಳನ್ನು ಇವರ ತೊಡೆಗೆ ದಬ್ಬಿ, ಸಿಟ್ಟಿನಲ್ಲಿ ತವರಿಗೆ ನಡೆದರು. ನಮ್ಮ ಸೀಮೆಯ ಹೆಂಗಸಿಗೆ ರಜೆ ಎಂಬುದು ಸಿಗುವುದೇ ಹಾಗೆ. ಸುಮ್ಮನೆ ಹೋದರೆ ಸೋಮಾರಿ, ಮುನಿಸಿಕೊಂಡು ಹೋದರೆ ಯಾರೂ ಕೇಳುವುದಿಲ್ಲ. ಎರಡು ದಿನ ಕಳೆದು ಮುಖ ತೊಳೆದ ಹಾಗೆ ಹೊಳೆಯುತ್ತ ವಾಪಸು ಬಂದ ಆಕೆ, ಮೊದಲು ಮಾಡಿದ ಕೆಲಸ ಮೇಡಂಗೆ ದೂರು ಹೇಳಿದ್ದು. ಇನ್ನೊಂದು ಮನೆಯಲ್ಲೂ ಹೀಗೇ ಆಯಿತು.

"ಇನ್ನೊಂದು ದೂರು ಬಂದ್ರೆ ನಾನೇನೂ ಮಾಡೋಕಾಗಲ್ಲಮ್ಮ, ಸರ್ಟಿಫಿಕೇಟ್ ಸಿಗಲ್ಲ" ಎಂದು ಮೇಡಂ ಬೇಜಾರಿನಿಂದಲೇ ಹೇಳಿದರು. ಕೊನೆಯ ಮನೆ ನಮ್ಮದೇ ಆಗಿತ್ತು.

ಆವತ್ತು ನನ್ನ ಜೊತೆ ನಡೆದು ಬರುವಾಗ ಅವರು ಎಲೆಅಡಿಕೆ ಮಡಿಸಿ ಬಾಯಿಗಿಟ್ಟುಕೊಂಡರು. ಆಮೇಲೆ ಹೇಳಿದರು: "ನಂಗೆ ಯಾರೂ ಸರ್ಟಿಫಿಕೇಟ್ ಕೊಟ್ಟಿಲ್ಲ ಕಣೆ. ಸ್ಕೂಲಲ್ಲಿ ಒಂದು ಟಿ.ಸಿ. ಕೊಟ್ರು, ಅದೂ ಓಡ್ಸಾಕೆ. ಇದೊಂದು ಬೇಕು. ನಿಮ್ಮವ್ವನ ಹತ್ರ ಬಾಯಿ ಹೊಲ್ಕಂಡಿರ್ತೀನಿ."

ಮೊದಲ ಭೇಟಿಯಲ್ಲಿ ನಿಜಕ್ಕೂ ಜಗಳವಾಗಲಿಲ್ಲ. ಅಮ್ಮ ಒತ್ತುಶಾವಿಗೆ ಮಾಡಿ ಮಣೆ ಹಾಕಿದ್ದಳು. ಅವರು ಮಣೆಯನ್ನು ದಾಟಿ ನೇರ ಅಡುಗೆಮನೆಯ ಹೊಸ್ತಿಲಿಗೆ ಹೋದರು. ನಮ್ಮ ಅಡುಗೆಮನೆಗೆ ಹೊರಗಿನವರು ಹೋಗುವ ರೂಢಿ ಇರಲಿಲ್ಲ. ಅಮ್ಮ ಅಡ್ಡ ನಿಂತು, ಮೆತ್ತಗೆ, "ನೀವು ಯಾವ ಪೈಕಿ?" ಎಂದಳು. ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು.

"ಹಸಿದವರ ಪೈಕಿ ತಾಯಿ. ರಾತ್ರಿದು ಮುದ್ದೆ ಇದ್ರೆ ಕೊಡಿ, ಶಾವಿಗೆ ನೀವು ತಿನ್ನಿ" ಎಂದು ಅವರು ಹೊಸ್ತಿಲ ಮೇಲೇ ಕೂತರು. ಅಮ್ಮ ಸ್ವಲ್ಪ ಹೊತ್ತು ನಿಂತೇ ಇದ್ದಳು. ಆಮೇಲೆ ಮುದ್ದೆ ತಂದಳು. ಎದುರಿಗೆ ಕೂತು ಶಾವಿಗೆ ತಿಂದಳು ಕೂಡ. ಅವಳು ಬಿಸಿಯಾಗಿ ಏನನ್ನಾದರೂ ತಿಂದದ್ದನ್ನು ನಾನು ನೋಡಿ ಬಹಳ ಕಾಲವಾಗಿತ್ತು.

ಚಂದ್ರು ಮಾತ್ರ ಅವರ ನೀಲಿ ಪಟ್ಟಿಯ ಹವಾಯಿ ಚಪ್ಪಲಿಯನ್ನು ಬೀದಿಗೆ ತಿರುಗಿಸಿಟ್ಟ. ಅವರು ನೋಡಿ ಮನೆಯ ಕಡೆಗೆ ತಿರುಗಿಸಿದರು. ಅವನು ಮತ್ತೆ ಬೀದಿಗೆ. "ಬಂದ ತಕ್ಷಣ ಹೋಗು ಅಂತೀಯೇನ್ಲಾ? ಹೋಗಲ್ಲ ಕಣೋ" ಎಂದು ಅವರು ಮತ್ತೆ ಒಳಕ್ಕೆ. ಇಡೀ ಬೆಳಗ್ಗೆ ಇಬ್ಬರೂ ಇದನ್ನೇ ಮಾಡಿದರು. ಅವನ ಜೊತೆ ಅಷ್ಟು ಹೊತ್ತು ಸಮಸಮವಾಗಿ ಹಟ ಮಾಡಿದವರನ್ನು ನಾನು ಕಂಡಿರಲಿಲ್ಲ.

ಹಳೇಬೀಡಿನಲ್ಲಿ ದೊಡ್ಡಮ್ಮ ಹೊಸ ಮನೆ ಕಟ್ಟಿಸಿದ್ದರು. ಗೃಹಪ್ರವೇಶಕ್ಕೆ ಅಮ್ಮ ಬರಲೇಬೇಕೆಂದು ಹೇಳಿ ಕಳಿಸಿದ್ದರು. ಆ ದಿನ ನೋಡಿಕೊಳ್ಳಲು ಇವರು ಬಂದರು. ಅಮ್ಮ ರೇಷ್ಮೆ ಸೀರೆ ಉಟ್ಟು ತಯಾರಾದಳು. ತಯಾರಾಗಿ, ಹೊರಡದೆ ನಿಂತಳು. ಅವನಿಗೆ ಮಜ್ಜಿಗೆಗೆ ಉಪ್ಪು ಜಾಸ್ತಿ ಆಗಬಾರದು, ಬಿಸಿಲಲ್ಲಿ ಕೂರಬಾರದು, ಅತ್ತರೆ ಹೀಗೆ ಮಾಡಿ ಎಂದು ಹೇಳಿದ್ದನ್ನೇ ಹೇಳಿದಳು. ಇವರು ಕೈಕಟ್ಟಿಕೊಂಡು "ಆಗ್ಲಿ ತಾಯಿ, ಆಗ್ಲಿ ತಾಯಿ" ಎನ್ನುತ್ತಿದ್ದರು. ಆ ವಿನಯ ಅವರ ಮೈಗೆ ಒಗ್ಗದ ಅಂಗಿಯ ಹಾಗಿತ್ತು. ಕೊನೆಗೆ ಅಮ್ಮ ಕಂಬಕ್ಕೆ ಒರಗಿ ಕೂತು, "ಬ್ಯಾಡ ಬಿಡು, ನಾನ್ ಬರಲ್ಲ. ಇವ್ನು ನನ್ನ ಬಿಟ್ಟು ಇರಲ್ಲ" ಎಂದಳು. ಬಸ್ಸಿನ ಹೊತ್ತಾಗಿತ್ತು.

ಅವರು ನನ್ನ ಕಡೆ ನೋಡಿದರು. "ಸರ್ಟಿಫಿಕೇಟು ಹಾಳಾಗೋಗ್ಲಿ" ಎಂದು ಗೊಣಗಿದ್ದು ನನಗೆ ಕೇಳಿಸಿತು. ಬಾಯಲ್ಲಿದ್ದ ಎಲೆಅಡಿಕೆ ಹೊರಗೆ ಹೋಗಿ ಉಗಿದು ಬಂದು, ಸೊಂಟಕ್ಕೆ ಸೆರಗು ಸಿಕ್ಕಿಸಿದರು.

"ಅವ್ನು ನಿಮ್ಮ ಬಿಟ್ಟು ಇರಲ್ವೋ, ನೀವು ಅವನ್ನ ಬಿಟ್ಟು ಇರಲ್ವೋ? ಹೋದ್ರೆ, ಅವ್ನು ನಿಮ್ಮ ನೆನಪೇ ಇಲ್ದೆ ಉಂಡ್ಕಂಡು ಆಡ್ಕಂಡು ಇದ್ಬುಟ್ರೆ? ಅದೇ ತಾನೇ ಭಯ ನಿಮ್ಗೆ?"

ಅಮ್ಮ ಸಟ್ಟನೆ ಎದ್ದಳು. "ಏನಂದ್ರೀ? ಮೂವತ್ತು ವರ್ಷ ಸಾಕ್ದೋಳಿಗೆ ಈ ಮಾತು ಹೇಳ್ತೀರಾ? ನಿಮ್ಮ ಮೇಡಂ ಬರ್ಲಿ, ಹೇಳ್ತೀನಿ!"

"ಹೇಳ್ಕಳಿ! ಹಳೇಬೀಡಿಗೆ ಹೋಗ್ ಬಂದು ಹೇಳ್ಕಳಿ!"

ಅಮ್ಮ ದಡದಡನೆ ಬಾಗಿಲಿಗೆ ನಡೆದಳು. ಅಲ್ಲಿ ಅವಳ ಜೋಡಿಯಲ್ಲಿ ಒಂದೇ ಚಪ್ಪಲಿ ಇತ್ತು.

ಅಮ್ಮನ ಸಿಟ್ಟು ಜರ್‍ರನೆ ಇಳಿಯಿತು. ಕಣ್ಣಲ್ಲಿ ನೀರು ಬಂತು. "ನೋಡಿ, ಹೋಗ್ಬ್ಯಾಡ ಅಂತವ್ನೆ" ಎಂದಳು. ಮುಗಿಯಿತು, ಇನ್ನು ಇವಳು ಹೊರಡುವುದಿಲ್ಲ ಎಂದು ನಾನಂದುಕೊಂಡೆ. ಅವರು ಮಾತ್ರ ತಮ್ಮ ಹವಾಯಿ ಜೋಡಿಯನ್ನು ಕಾಲಿನಿಂದ ಅಮ್ಮನ ಮುಂದಕ್ಕೆ ತಳ್ಳಿದರು. "ನನ್ನವ ಹಾಕ್ಕಳಿ. ನಾನಂದ್ರೆ ಅವ್ನಿಗೆ ಆಗಲ್ಲ, ಇವನ್ನ ಬಚ್ಚಿಟ್ಟಿಲ್ಲ ನೋಡಿ, ಎರಡೂ ಅವೆ. ಬೀದಿಗೆ ತಿರುಗ್ಸಿ ಬೇರೆ ಮಡಗವ್ನೆ, ಮೆಟ್ಕಂಡು ನಡೀರಿ."

ಅಳುತ್ತಿದ್ದ ಅಮ್ಮನಿಗೆ ನಗು ಬಂದುಬಿಟ್ಟಿತು. ರೇಷ್ಮೆ ಸೀರೆ, ನೀಲಿ ಪಟ್ಟಿಯ ಹವಾಯಿ ಚಪ್ಪಲಿ. ಹಾಗೇ ನನ್ನ ಜೊತೆ ಬಸ್ಸು ಹತ್ತಿದಳು. ಬಾಣಾವರ ದಾಟುವವರೆಗೂ ಅವರನ್ನು ಬೈದಳು. ಆಮೇಲೆ ಕಿಟಕಿಯ ಹೊರಗೆ ನೋಡಲು ಶುರು ಮಾಡಿದಳು.

"ಏನೇ ಇದು ಚಪ್ಲಿ?" ಎಂದು ದೊಡ್ಡಮ್ಮ ಕೇಳಿದಾಗ, "ಬೇರೆಯವ್ರದು ಕಣಕ್ಕ. ಹಾಕ್ಕಂಡ್ರೆ ತವರಿಗೆ ಬರಬೋದು" ಎಂದಳು. ಪಂಕ್ತಿಯಲ್ಲಿ ಕೂತು ಎರಡನೇ ಸಲ ಪಾಯಸ ಹಾಕಿಸಿಕೊಂಡಳು. ಊಟವಾದ ಮೇಲೆ ಹೊಸ ಸುಣ್ಣದ ವಾಸನೆಯ ಕೋಣೆಯಲ್ಲಿ ಚಾಪೆ ಹಾಸಿಕೊಂಡಳು. ಬಂದವಳು ದೇವಸ್ಥಾನವನ್ನಾದರೂ ನೋಡಿ ಬಾ ಎಂದು ಯಾರೋ ಎಬ್ಬಿಸಲು ಹೋದರು. "ಆ ಕಲ್ಲು ಎಲ್ಲಿಗೂ ಹೋಗಲ್ಲ, ಈ ನಿದ್ದೆ ಹೋದ್ರೆ ಮತ್ತೆ ಬರಲ್ಲ" ಎಂದು ಮಗ್ಗುಲು ಬದಲಿಸಿದಳು. ನಾನು ಬಾಗಿಲಿಗೆ ಕಾವಲು ಕೂತೆ. ಅವಳು ಗೊರಕೆ ಹೊಡೆಯುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ.

ಸಂಜೆ ನಾವು ಮನೆಗೆ ಬಂದರೆ ಅವರೂ ಚಂದ್ರುವೂ ಜಗಲಿಯ ಮೇಲೆ ಚೌಕಾಬಾರ ಆಡುತ್ತಿದ್ದರು. ಮಧ್ಯಾಹ್ನದವರೆಗೂ ಚಂದ್ರು ಬಾಗಿಲು ಬಿಟ್ಟು ಕದಲಲಿಲ್ಲವಂತೆ, ಊಟವನ್ನೂ ಬೇಡವೆಂದನಂತೆ. ಇವರು ಅವನೆದುರು ಕೂತು ಅವನ ಮುದ್ದೆಯನ್ನು ತಿನ್ನಲು ಶುರು ಮಾಡಿದರಂತೆ. ಅರ್ಧ ಮುದ್ದೆ ಮುಗಿಯುವ ಹೊತ್ತಿಗೆ ಅವನು ತಟ್ಟೆ ಕಿತ್ತುಕೊಂಡನಂತೆ. ಈಗ ನಾವು ನೋಡುತ್ತಿದ್ದಂತೆಯೇ ಅವನು, ಇವರು ತಿರುಗಿದ ಹೊತ್ತಿನಲ್ಲಿ, ತನ್ನ ಕಾಯಿಯನ್ನು ಮೆಲ್ಲಗೆ ಮುಂದೆ ತಳ್ಳಿದ.

"ಅಯ್ಯೋ, ಮೋಸ ಕಲ್ಸಿದೀರಲ್ರೀ!" ಎಂದಳು ಅಮ್ಮ.

"ಬುದ್ಧಿ ಇಲ್ದೋನಿಗೆ ಮೋಸ ಬತ್ತದೇನ್ರೀ?" ಎಂದರು ಅವರು. ಆ ಮಾತನ್ನು ಅಮ್ಮ ಆಮೇಲೆ ಬೀದಿಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಳು, ತಾನೇ ಹೇಳಿದ್ದೆಂಬಂತೆ.

ಅಮ್ಮ ಹವಾಯಿ ಜೋಡಿಯನ್ನು ಬಾಗಿಲಲ್ಲಿ ಬಿಟ್ಟು ಒಳಗೆ ಹೋಗಿ ದೊಡ್ಡಮ್ಮ ಕೊಟ್ಟ ಬುತ್ತಿ ತಂದಳು. ಅವರು ಹೊರಡಲು ಎದ್ದರೆ, ಅಲ್ಲಿ ಒಂದೇ ಇತ್ತು. ಅವರು ಅದನ್ನು ನೋಡಿದರು, ಚಂದ್ರುವನ್ನು ನೋಡಿದರು. ಒಂದು ಕಾಲಿಗೆ ಚಪ್ಪಲಿ, ಒಂದು ಬರಿಗಾಲು, ಹಾಗೇ ಕುಂಟುತ್ತ ರೈಲ್ವೆ ಗೇಟಿನ ಕಡೆ ಹೋದರು.

ಮಾರನೇ ದಿನ ಮೇಡಂ ಬಂದರು. ಅಮ್ಮ ಕೊಟ್ಟ ಮಾತಿನಂತೆ ಎಲ್ಲವನ್ನೂ ಹೇಳಿದಳು. "ಬಾಯಿ ಸರಿ ಇಲ್ಲ ಮೇಡಂ. ದೊಡ್ಡೋರು ಚಿಕ್ಕೋರು ನೋಡಲ್ಲ. ಆಡಬಾರದ್ದು ಆಡ್ತಾರೆ. ನನ್ನ ಮಗಂಗೆ ಆಟದಲ್ಲಿ ಮೋಸ ಕಲ್ಸವ್ರೆ." ಮೇಡಂ ಮುಖ ಸಪ್ಪಗಾಯಿತು. ಅಮ್ಮ ಉಸಿರೆಳೆದುಕೊಂಡು ಮುಂದುವರಿಸಿದಳು: "ಬರೋ ಗುರುವಾರ ನಾನು ಬೇಲೂರಿಗೆ ಹೋಗ್ಬೇಕು. ಅವ್ರನ್ನೇ ಕಳ್ಸಿ. ಬೇರೆ ಒಳ್ಳೆಯವ್ರನ್ನ ಕಳಿಸ್ಬ್ಯಾಡಿ, ಅವ್ರಿಗೆ ಅಡುಗೆ ಮಾಡಿ ಸಾಕಾಗ್ತದೆ."

ಸರ್ಟಿಫಿಕೇಟನ್ನು ಅವರು ಗಾಜು ಹಾಕಿಸಿ ಮನೆಯಲ್ಲಿ ಬುದ್ಧನ ಪಟದ ಪಕ್ಕ ನೇತುಹಾಕಿದರು. ಇಬ್ಬರಲ್ಲಿ ಯಾರಿಗೆ ಶಾಂತಿ ಜಾಸ್ತಿ ಎಂದು ಸೊಸೆ ತಮಾಷೆ ಮಾಡಿದರೆ, "ಅವ್ನಿಗೆ ಸೊಸೆ ಜೊತೆ ಏಗೋದಿರ್ಲಿಲ್ವಲ್ಲ" ಎನ್ನುತ್ತಿದ್ದರು. ಆಮೇಲಿನ ವರ್ಷಗಳಲ್ಲಿ ಅವರು ಬೈದು ಹೊರಡಿಸಿದ ತಾಯಂದಿರು ತಾಲೂಕಿನ ತುಂಬ ಇದ್ದಾರೆ. ಚಂದ್ರುವನ್ನೂ ಮನೆಯಿಂದ ಹೊರಡಿಸಿದರು. ಮುಂದಿನ ಮದುವೆಗೆ ಅವನ ಕೈಹಿಡಿದು ಹೋಗಿ ಛತ್ರದ ಬಾಗಿಲಲ್ಲಿ ನಿಂತು, "ನಮ್ ಹುಡ್ಗ ಬಂದವ್ನೆ, ಚಪ್ಲಿ ಹುಷಾರು ಕಣ್ರೀ!" ಎಂದು ಕೂಗಿದರು. ಬೀಗರೆಲ್ಲ ಚಪ್ಪಲಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮಗ್ಗುಲಲ್ಲಿಟ್ಟುಕೊಂಡು ಊಟ ಮಾಡಿದರು. ಅಮ್ಮ ಈ ಸಲ ಪಾಯಸದವರೆಗೂ ಕೂತಳು.

ನಮ್ಮನೆಗೆ ಬರುವಾಗ ಅವರ ಚೀಲದಲ್ಲಿ ಇನ್ನೊಂದು ಜೋಡಿ ಖಾಯಂ ಇರುತ್ತಿತ್ತು. ಒಂದು ಮುಚ್ಚಿಟ್ಟರೆ ಅದನ್ನು ಹಾಕಿಕೊಂಡು ಹೋಗುತ್ತಿದ್ದರು. ಮಗನಿಗೆ ಹುಬ್ಬಳ್ಳಿಗೆ ವರ್ಗವಾಗಿ ಹೊರಡುವ ಹಿಂದಿನ ದಿನವೂ ಬಂದರು. ಆವತ್ತೂ ಒಂದು ಮಾಯವಾಯಿತು. ಅವರು ಹುಡುಕಲಿಲ್ಲ. ಚಂದ್ರುವಿನ ತಲೆ ಸವರಿ, ಅಮ್ಮನ ಕಾಫಿ ನೀರು ನೀರು ಎಂದು ಬೈದು, ಚೀಲದ ಜೋಡಿ ಹಾಕಿಕೊಂಡು ಹೋದರು. ಅಮ್ಮ ಬಾಗಿಲು ಹಿಡಿದು ಅತ್ತಳು. ನಾನೂ ಅತ್ತೆ.

ಸಂಜೆ ಚಂದ್ರುವನ್ನು ಹೊರಗೆ ಕರೆದುಕೊಂಡು ಹೋಗಲು ನೋಡಿದರೆ ಅವನ ಎಡಗಾಲಿನ ಚಪ್ಪಲಿ ಇರಲಿಲ್ಲ. ಅಕ್ಕಿ ಡಬ್ಬ, ಸೌದೆ, ಹಾಸಿಗೆ, ಕೊಬ್ಬರಿ ಚೀಲ, ಎಲ್ಲ ಹುಡುಕಿದೆವು. ಎಲ್ಲಿಯೂ ಇಲ್ಲ. ಚಂದ್ರು ಮಾತ್ರ ಹುಡುಕದೆ, ಜಗಲಿಯ ಮೇಲೆ ಕೂತು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದ. ಯಾರು ತೆಗೆದುಕೊಂಡು ಹೋದರೆಂದು ಅವನಿಗೆ ನಮಗಿಂತ ಮೊದಲೇ ಗೊತ್ತಾಗಿತ್ತು.

ಹೊಸ ಜೋಡಿ ತಂದೆವು. ಉಳಿದ ಬಲಗಾಲಿನದನ್ನು ಎಸೆಯಲು ಅವನು ಬಿಡಲಿಲ್ಲ. ಅವರ ನೀಲಿ ಪಟ್ಟಿಯ ಒಂಟಿ ಚಪ್ಪಲಿಯ ಪಕ್ಕ ಅದನ್ನು ಜೋಡಿಸಿಟ್ಟಿದ್ದಾನೆ.

ಹೋದ ವಾರ ಹುಬ್ಬಳ್ಳಿಯಿಂದ ಅವರ ಸೊಸೆ ಫೋನ್ ಮಾಡಿ ಅಳುತ್ತ ಸುದ್ದಿ ಹೇಳಿದರು. ಅಮ್ಮ ದೇವರ ಮುಂದೆ ದೀಪ ಹಚ್ಚಿ ಕೂತಳು. ಚಂದ್ರುವಿಗೆ ನಾನೇ ಹೇಳಬೇಕಾಯಿತು. ಅಜ್ಜಿ ಹೋಗಿಬಿಟ್ಟರು, ಇನ್ನು ಬರುವುದಿಲ್ಲ ಎಂದು ಎರಡು ಸಲ ಹೇಳಿದೆ. ಅವನು ನನ್ನ ದಡ್ಡತನಕ್ಕೆ ಮರುಗಿದವನಂತೆ ನೋಡಿ, ಬಾಗಿಲ ಹತ್ತಿರದ ಆ ಎರಡು ಒಂಟಿ ಚಪ್ಪಲಿಗಳನ್ನು ಮನೆಯ ಕಡೆಗೆ ಮುಖ ಮಾಡಿ ಸರಿಪಡಿಸಿದ.

"ಬತ್ತೈತೆ ಅಜ್ಜಿ" ಎಂದ. "ನನ್ ಚಪ್ಲಿ ಅಜ್ಜಿ ತಾವ ಐತೆ."